ಕೀಮೋ ಮುಗಿಯಿತು, ಮಂಚ ಇನ್ನೂ ಯಾಕೆ ಬೇರೆ?

ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಗಂಡ-ಹೆಂಡತಿ ಹೇಗಿರಬೇಕು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬರೆಯುವವರೆಲ್ಲ ಗಂಡಂದಿರು, ಅದರಲ್ಲೂ ಕೆಲವರು ‘ಸ್ನೇಹಿತನ ಪರವಾಗಿ’. ಇರಲಿ.

ಪ್ರಶ್ನೆ: ಹೆಂಡತಿಗೆ 43 ವರ್ಷ. ಸ್ತನ ಕ್ಯಾನ್ಸರಿಗೆ ಎಡಗಡೆ ಆಪರೇಷನ್ ಆಗಿದೆ, ಕಂಕುಳ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಕೀಮೋ, ರೇಡಿಯೇಷನ್ ಮುಗಿದು ಎರಡು ತಿಂಗಳಾಯಿತು. ಈಗ ಕ್ಯಾನ್ಸರ್ ಮರಳದಂತೆ ಟ್ಯಾಮೋಕ್ಸಿಫೆನ್ ಮಾತ್ರೆ. ಮುಂದಿನ ತಿಂಗಳು ಮದುವೆಯಾಗಿ 20 ವರ್ಷ, ಇಬ್ಬರೇ ಮಡಿಕೇರಿಗೆ ಹೋಗಬೇಕೆಂದಿದ್ದೇವೆ. ಕೂಡಬಹುದೇ? ಒಂದು ವರ್ಷ ದೂರವಿರಬೇಕೆಂದು ಅಮ್ಮ ಹೇಳುತ್ತಾರೆ.

ಉತ್ತರ: ಕೂಡಬಹುದು. ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಒಂದು ವರ್ಷದ ಲೆಕ್ಕ ಯಾವ ವೈದ್ಯ ಪುಸ್ತಕದಲ್ಲೂ ಇಲ್ಲ. ಕೀಮೋ ನಡೆಯುವಾಗ ಪ್ರತಿ ಡೋಸಿನ ನಂತರ ಎರಡು-ಮೂರು ದಿನ ಕಾಂಡೋಮ್ ಕಡ್ಡಾಯ ಅನ್ನುತ್ತೇವೆ. ನಿಮಗೆ ಆ ಕಾಲ ದಾಟಿತು. ಆದರೆ ನಿಮ್ಮ ಪತ್ರದಲ್ಲಿ ಅಮ್ಮನ ಅಭಿಪ್ರಾಯವಿದೆ, ಹೆಂಡತಿಯದಿಲ್ಲ. ಮೊದಲು ಅವರನ್ನು ಕೇಳಿ.

ಕೀಮೋ ಅಂಡಾಶಯವನ್ನು ಸುಸ್ತು ಮಾಡುತ್ತದೆ. ಈಸ್ಟ್ರೊಜೆನ್ ಹಾರ್ಮೋನ್ ಇಳಿದು ಯೋನಿ ಒಣಗುತ್ತದೆ, ಗೋಡೆ ತೆಳುವಾಗುತ್ತದೆ. ಆಗ ನೋವಾಗುವುದು ಸಹಜ, ‘ಮನಸ್ಸಿಲ್ಲ’ ಎಂದು ಅದಕ್ಕೆ ಅರ್ಥ ಕಟ್ಟಬೇಡಿ. ಹಾರ್ಮೋನ್ ಇಲ್ಲದ ಯೋನಿ ಮಾಯಿಶ್ಚರೈಸರ್ ವಾರಕ್ಕೆ ಎರಡು-ಮೂರು ಸಲ, ಕೂಡಲಿ ಬಿಡಲಿ, ರಾತ್ರಿ ಹಚ್ಚಬೇಕು. ಪ್ರವಾಸಕ್ಕೆ ಇನ್ನೂ ತಿಂಗಳಿದೆ, ಇವತ್ತೇ ಶುರು ಮಾಡಿ. ಕೂಡುವಾಗ ನೀರು ಆಧಾರಿತ ಲೂಬ್ರಿಕೆಂಟ್ ಜೆಲ್ ಬೇರೆ, ಧಾರಾಳವಾಗಿ. ಕೊಬ್ಬರಿ ಎಣ್ಣೆ ಬೇಡ, ಲೇಟೆಕ್ಸ್ ಕಾಂಡೋಮ್ ಅದರಿಂದ ಹರಿಯುತ್ತದೆ. ಈಸ್ಟ್ರೊಜೆನ್ ಕ್ರೀಮನ್ನು ಮೆಡಿಕಲ್ ಶಾಪಿನವರ ಮಾತು ಕೇಳಿ ತರಬೇಡಿ. ಕ್ಯಾನ್ಸರ್ ವೈದ್ಯರು ಒಪ್ಪಿದರೆ ಮಾತ್ರ.

ಸಂಜೆಗೆ ಅವರಿಗೆ ಸುಸ್ತಿರುತ್ತದೆ, ಬೆಳಗಿನ ಹೊತ್ತು ವಾಸಿ. ಎಡ ತೋಳಿನ ಕೆಳಗೆ ಸಣ್ಣ ದಿಂಬಿಡಿ, ಆ ಬದಿಗೆ ಭಾರ ಬೀಳದಿರಲಿ. ಬ್ರಾ ತೆಗೆಯುವುದು, ದೀಪ ಆರಿಸುವುದು ಅವರ ಇಷ್ಟ. ಗಾಯದ ಕಡೆ ನೋಡದೆ ಮುಖ ತಿರುಗಿಸುವ ಗಂಡಂದಿರಿಗೆ ಒಂದು ಮಾತು: ಅದನ್ನು ಅವರು ಮರ್ಯಾದೆ ಅಂದುಕೊಳ್ಳುವುದಿಲ್ಲ, ಅಸಹ್ಯ ಅಂದುಕೊಳ್ಳುತ್ತಾರೆ.

ಹೆಚ್ಚಿನವರು ಎಡವುವುದು ಇಲ್ಲಿ: ಮುಟ್ಟು ನಿಂತಿದೆ, ಇನ್ನೇನು ಭಯ ಅನ್ನುತ್ತಾರೆ. ಟ್ಯಾಮೋಕ್ಸಿಫೆನ್ ತೆಗೆದುಕೊಳ್ಳುವಾಗ ಮುಟ್ಟಿಲ್ಲದೆಯೂ ಗರ್ಭ ನಿಲ್ಲಬಹುದು, ಮಾತ್ರೆ ಭ್ರೂಣಕ್ಕೆ ಹಾನಿ ಮಾಡುತ್ತದೆ. ಕಾಂಡೋಮ್ ಅಥವಾ ಕಾಪರ್-ಟಿ ಬಳಸಿ. ಮಾಲಾ-ಡಿಯಂಥ ಹಾರ್ಮೋನ್ ಮಾತ್ರೆ ಖಂಡಿತ ಬೇಡ. ಮುಟ್ಟು ನಿಂತು ಬಹಳ ಕಾಲದ ಮೇಲೆ ರಕ್ತ ಕಂಡರೆ ‘ಮರಳಿ ಬಂತು’ ಎಂದು ಖುಷಿಪಡದೆ ಗರ್ಭಕೋಶದ ಪರೀಕ್ಷೆ ಮಾಡಿಸಿ.

ಮಡಿಕೇರಿಯ ಬಗ್ಗೆ: ಕಂಕುಳ ಗಂಟು ತೆಗೆದ ಬದಿಯ ಕೈಯ ಗೀರು, ಇಂಬಳದ ಕಡಿತ ಬೇಗ ಸೋಂಕಾಗುತ್ತದೆ. ತಕ್ಷಣ ಸೋಪಿನಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ನಾಳೆ ಬೇಡ. ಸೂಟ್‌ಕೇಸ್ ನೀವೇ ಹೊರಿ. ಹೊಸ ಗಾಜಿನ ಬಳೆ ಇಡಿಸುವುದಾದರೆ ಆಪರೇಷನ್ ಆಗದ ಕೈಗೆ ಮಾತ್ರ. ಎಡಗೈಯನ್ನು ಹಿಂಡಿ ಬಳೆ ತೂರಿಸಲು ಬಳೆಗಾರರಿಗೆ ಬಿಡಬೇಡಿ. ಇನ್ನು, ಅಲ್ಲಿನ ಹೋಮ್‌ಮೇಡ್ ವೈನೂ ಮದ್ಯವೇ. ಮದ್ಯಕ್ಕೂ ಸ್ತನ ಕ್ಯಾನ್ಸರಿಗೂ ನಂಟಿದೆ. ಅಂಗಡಿಯಲ್ಲೇ ಬಿಡಿ.

ಪ್ರಶ್ನೆ: ಕೊನೆಯ ಕೀಮೋ ಹೋದ ವಾರ ಆಯಿತು. ಈ ವಾರಾಂತ್ಯ ಊಟದ ಪಾರ್ಟಿ ಇಡಬಹುದೇ?

ಬೇಡ. ಕೀಮೋ ಆದ ಏಳರಿಂದ ಹದಿನಾಲ್ಕನೆಯ ದಿನದವರೆಗೆ ಬಿಳಿ ರಕ್ತಕಣ ತೀರಾ ಕಡಿಮೆ ಇರುತ್ತದೆ, ಸೋಂಕು ಬೇಗ ತಗಲುತ್ತದೆ. ಮೂರು-ನಾಲ್ಕು ವಾರ ಬಿಟ್ಟು ಕರೆಯಿರಿ, ನೆಂಟರು ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ‘ದಾಂಪತ್ಯ ಶಕ್ತಿ’ಗೆ ಲೇಹ್ಯ, ಜೊತೆಗೆ ಕ್ಯಾನ್ಸರ್ ಮರಳದಂತೆ ಲಕ್ಷ್ಮಣ ಫಲದ ಪುಡಿ ಕೊಡುತ್ತಾರಲ್ಲ?

ದುಡ್ಡು ತೆಗೆದುಕೊಂಡು ಕೊಡುತ್ತಾರೆ. ಡಬ್ಬಿಯಲ್ಲೇನಿದೆ ಎಂದು ಬರೆಯದ ಲೇಹ್ಯ ಲಿವರಿಗೆ ಪೆಟ್ಟು ಕೊಡಬಹುದು, ಲಕ್ಷ್ಮಣ ಫಲ ಕ್ಯಾನ್ಸರ್ ತಡೆಯುತ್ತದೆ ಎಂಬುದಕ್ಕೆ ಮನುಷ್ಯರಲ್ಲಿ ಪುರಾವೆ ಇಲ್ಲ.

ಪ್ರಶ್ನೆ: ಗುಣವಾದರೆ ಇಬ್ಬರೂ ಬರಿಗಾಲಲ್ಲಿ ಬೆಟ್ಟ ಹತ್ತುವ ಹರಕೆ ಇದೆ. ಹೆಂಡತಿಗೆ ಪಾದ ಜೋಮು ಹಿಡಿದಂತಿದೆ.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಕೊಟ್ಟವರಲ್ಲಿ ಹೀಗಾಗುತ್ತದೆ. ಕಾದ ಕಲ್ಲಿಗೆ ಪಾದ ಸುಟ್ಟರೂ ಗೊತ್ತಾಗುವುದಿಲ್ಲ. ನೀವು ಹತ್ತಿ, ಅವರು ವಾಹನದಲ್ಲಿ ಬರಲಿ. ಮೇಲೆ ಹೋದ ಮೇಲೂ ದಪ್ಪ ಕಾಲುಚೀಲ ಹಾಕಿಕೊಳ್ಳಲಿ, ರಾತ್ರಿ ಅಂಗಾಲನ್ನು ನೀವು ಟಾರ್ಚ್ ಹಿಡಿದು ನೋಡಿ.