ಮನೆ ವಿಮೆ ಸಾಕಾ, ಸೈಕಲ್‌ಗೇ ಬೇರೆ ಪಾಲಿಸಿ ಬೇಕಾ?

ಮನೆ ವಿಮೆಯಲ್ಲೇ ಸೈಕಲ್ ಸೇರಿಸಿದರೆ ಸಾಕೇ ಅಂತ ಕೇಳಿದ್ದೀರಿ. ಆ ಪಾಲಿಸಿಯಲ್ಲಿ ಮೊದಲು ಎರಡು ವಿಷಯ ಹುಡುಕಿ: ಒಂದೇ ವಸ್ತುವಿಗೆ ಗರಿಷ್ಠ ಎಷ್ಟು ಕೊಡುತ್ತಾರೆ, ಮನೆಯ ಹೊರಗೆ ಕಳುವಾದರೂ ಕೊಡುತ್ತಾರಾ. ಆ ಮಿತಿ ಸೈಕಲ್ ಬೆಲೆಗಿಂತ ಕಡಿಮೆಯಿದ್ದರೂ, ಹೊರಗಿನ ಕಳವಿಗೆ ಕೊಡದಿದ್ದರೂ ದುಬಾರಿ ಸೈಕಲ್‌ಗೆ ಅದು ಸಾಲದು.

ಬೇರೆ ಪಾಲಿಸಿ ಮಾಡಿಸುವುದಾದರೆ ಪ್ರೀಮಿಯಂ ಉಳಿಸಲು ಮೌಲ್ಯ ಕಡಿಮೆ ಬರೆಸಬೇಡಿ. ಸರಾಸರಿ ಷರತ್ತು (ಕಡಿಮೆ ಮೌಲ್ಯಕ್ಕೆ ವಿಮೆ ಮಾಡಿಸಿದಷ್ಟೇ ಪ್ರಮಾಣದಲ್ಲಿ ಪರಿಹಾರವನ್ನೂ ಇಳಿಸುವ ನಿಯಮ) ಇದ್ದರೆ, ಅರ್ಧ ಬೆಲೆಗೆ ವಿಮೆ ಮಾಡಿಸಿದವರಿಗೆ ಸಣ್ಣ ರಿಪೇರಿಯಲ್ಲೂ ಅರ್ಧ ಖರ್ಚೇ ಸಿಗುವುದು. ಸವಕಳಿ (ಹಳೆಯದಾದಂತೆ ಇಳಿಯುವ ಬೆಲೆ) ಕಳೆಯುತ್ತಾರೋ, ಹೊಸ ಸೈಕಲ್‌ನ ಬೆಲೆಯನ್ನೇ ಕೊಡುತ್ತಾರೋ, ಅದನ್ನೂ ಕೇಳಿ.

ಕಳವಿನ ಕ್ಲೇಮ್ ಕೈತಪ್ಪುವುದು ಹೆಚ್ಚಾಗಿ ಬೀಗದಿಂದ. ಪಾಲಿಸಿ ಇಂಥದ್ದೇ ದರ್ಜೆಯ ಬೀಗ ಎಂದರೆ ಅದನ್ನೇ ಕೊಂಡು ರಸೀದಿ ಇಡಿ. ಫ್ರೇಮ್ ಅನ್ನೇ ಕದಲದ ಕಂಬಕ್ಕೋ ಕಂಬಿಗೋ ಸೇರಿಸಿ ಬಿಗಿಯಬೇಕು. ಬರೀ ಮುಂದಿನ ಚಕ್ರಕ್ಕೆ ಹಾಕಿದರೆ ಕಳ್ಳ ಚಕ್ರ ಬಿಟ್ಟು ಉಳಿದದ್ದನ್ನು ಒಯ್ಯುತ್ತಾನೆ, ಕಂಪನಿಯೂ ಕೈಯೆತ್ತುತ್ತದೆ. ನಿಮ್ಮ ಸೈಕಲ್ ಗುರುತಿಸುವ ಫ್ರೇಮ್ ಸಂಖ್ಯೆ ಸಾಮಾನ್ಯವಾಗಿ ಎರಡು ಪೆಡಲ್‌ಗಳ ನಡುವೆ, ಫ್ರೇಮ್‌ನ ಕೆಳಭಾಗದಲ್ಲಿರುತ್ತದೆ, ಸೈಕಲ್ ಮಗುಚಿ ಇವತ್ತೇ ಫೋಟೊ ತೆಗೆದಿಡಿ.

ರೇಸ್‌ನಲ್ಲಿ ಓಡಿಸುತ್ತೀರಾ? ಹಲವು ಪಾಲಿಸಿಗಳು ಅದನ್ನು ಹೊರಗಿಡುತ್ತವೆ. ಬೇರೆಯವರಿಗೆ ಗುದ್ದಿದಾಗಿನ ಹೊಣೆಗೆ ರಕ್ಷಣೆ ಇದೆಯೇ ಎಂಬುದನ್ನಂತೂ ಬಿಡಬೇಡಿ; ಸೈಕಲ್ ಬೆಲೆಗಿಂತ ಆ ಬಿಲ್ಲೇ ದೊಡ್ಡದಾಗಬಹುದು.