ಬೈಯುವವರೂ ಇಲ್ಲದ ಕಡೆ: ಒಂದು ಆಪ್ತಸಲಹೆ ಪ್ರಕರಣ

ಹಲವು ವರ್ಷ ಬಳಸಿದ ಸಾಮಾಜಿಕ ಜಾಲತಾಣವನ್ನು ಮನಸ್ಸು ಗಟ್ಟಿ ಮಾಡಿ ಬಿಟ್ಟವರು, ಬಿಟ್ಟ ಮೇಲೆ ನಿದ್ದೆಗೆಟ್ಟು ಕೊಪ್ಪಳದ ನನ್ನ ಕೊಠಡಿಗೆ ಬರುವುದು ಈಚೆಗೆ ಮತ್ತೆ ಮತ್ತೆ ಆಗುತ್ತಿದೆ. ಮನೆಯವರು ಇದನ್ನು ಮೊಬೈಲ್ ಚಟವೆಂದೇ ತಿಳಿದು ಕರೆತರುತ್ತಾರೆ. ನಾನು ಹಾಗೆ ತಿಳಿಯುವುದಿಲ್ಲ. ಏಕೆಂಬುದನ್ನು ಹೇಳಲು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರು ಪ್ರೌಢಶಾಲೆಯ ಶಿಕ್ಷಕರು. ರಜೆಯಲ್ಲಿ ಊರೂರು ತಿರುಗಿ ವೀರಗಲ್ಲು, ಶಾಸನಗಳ ಫೋಟೊ ತೆಗೆದು, ತಮಗೆ ಓದಲು ಬಂದಷ್ಟನ್ನು ಬರೆದು ಹಾಕುವುದು ಅವರ ಹವ್ಯಾಸ. ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳಿಂದ ಹಿಡಿದು ಹೊಲದ ಬದುವಿನಲ್ಲಿ ಬಿದ್ದ ಕಲ್ಲುಗಳವರೆಗೆ 13 ವರ್ಷದ ಬರಹ ಒಂದೇ ಜಾಲತಾಣದಲ್ಲಿತ್ತು. ಬರಬರುತ್ತ ಅಲ್ಲಿ ಬರಹ ಬಿಟ್ಟು ಬರೆದವರ ಜಾತಿ ಕೆದಕುವವರು ಹೆಚ್ಚಾದರು. ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನದ ಕುರಿತು ಬರೆದದ್ದಕ್ಕೆ ಬೈಗುಳದ ಮಳೆ ಸುರಿದ ಮೇಲೆ ಅವರು ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಮಾಸ್ಟೊಡಾನ್ ಎಂಬ ಇನ್ನೊಂದು ಜಾಲತಾಣಕ್ಕೆ ಹೋದರು. ಯೂಜನ್ ರೋಖ್ಕೊ ಎಂಬವರು 2016ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಈ ವ್ಯವಸ್ಥೆಗೆ ಒಬ್ಬನೇ ಮಾಲೀಕನಿಲ್ಲ. ಬೇರೆ ಬೇರೆಯವರು ನಡೆಸುವ, ಬರಹಗಳನ್ನು ಕೂಡಿಟ್ಟು ಹಂಚುವ ಕಂಪ್ಯೂಟರ್‌ಗಳಾದ ಸಾವಿರಾರು ಸರ್ವರ್‌ಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಮೂರು ತಿಂಗಳಾದರೂ ಅಲ್ಲಿ ಅವರ ಬರಹಕ್ಕೆ ಯಾರೂ ಓಗೊಡಲಿಲ್ಲ. ನಿದ್ದೆ ಕೆಟ್ಟಿತು, ಮನೆಯಲ್ಲಿ ಮಾತು ಕಡಿಮೆಯಾಯಿತು, ಕಲ್ಲು ನೋಡಲು ಹೋಗುವುದೂ ನಿಂತಿತು. ಅವರ ಹೆಂಡತಿ ಒತ್ತಾಯ ಮಾಡಿ ಕರೆತಂದರು.

ಮೊದಲ ಎರಡು ಭೇಟಿಗಳಲ್ಲಿ ಅವರು ತತ್ತ್ವದ ಮಾತನ್ನಷ್ಟೇ ಆಡಿದರು: ದೊಡ್ಡ ಕಂಪನಿಗಳು, ಜಾಹೀರಾತು, ನಮ್ಮ ಮಾಹಿತಿಯ ಮಾರಾಟ. ಅದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ ನಿದ್ದೆಗೆಡುವುದಕ್ಕೆ ಅದು ಕಾರಣವೂ ಆಗಿರಲಿಲ್ಲ. ಮೂರನೆಯ ಸಲ, ಹೊಸ ಕಡೆ ಹೇಗಿದೆ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿ ಬೈಯಾವರಾದ್ರೂ ಇದ್ರು ಮೇಡಂ, ಇಲ್ಲಿ ಅವರೂ ಇಲ್ರಿ" ಎಂದರು.

ನಾನು ಅವರ ಮುಂದೆ ಒಂದು ಹಾಳೆ, ಪೆನ್ನು ಇಟ್ಟು, "ಸರ್, ಹಳೆಯ ಕಡೆಯಿಂದ ನಿಮ್ಮ ಜೊತೆ ಯಾರನ್ನು ಕರೆದುಕೊಂಡು ಹೋಗಬೇಕು ಅನಿಸುತ್ತದೋ ಅವರ ಹೆಸರಷ್ಟೇ ಬರೆಯಿರಿ" ಎಂದೆ. ಸಾವಿರಾರು ಸ್ನೇಹಿತರಿದ್ದ ಖಾತೆಯದು. ಅವರು ಬರೆದದ್ದು ಹನ್ನೊಂದು ಹೆಸರು, ಅದರಲ್ಲಿ ಮೊದಲನೆಯದು ಅವರನ್ನು ಬೈಯುತ್ತಿದ್ದ ಒಬ್ಬರದೇ. ರಾಯಚೂರು ಕಡೆಯ ನಿವೃತ್ತ ನೌಕರರಾದ ಆ ಹಿರಿಯರು ಪ್ರತಿ ಫೋಟೊದ ಕೆಳಗೂ, "ಅದು 'ಳ' ಅಲ್ಲ ಮಾಸ್ತರ, 'ೞ'. ಕಲ್ಲಿನ ಮ್ಯಾಲೆ ನೀರು ಹಾಕಿ ಇನ್ನೊಮ್ಮೆ ನೋಡ್ರಿ" ಎಂದು ಗದರುತ್ತಿದ್ದರಂತೆ ('ೞ' ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಅಕ್ಷರ). ಇವರು ಸಿಟ್ಟಿನಿಂದ ಮತ್ತೆ ಹೋಗಿ ನೋಡಿದರೆ ಹೆಚ್ಚಿನ ಸಲ ಅವರ ಮಾತೇ ಸರಿ. ಜಾತಿ ಹಿಡಿದು ಬೈದವರ ಗದ್ದಲದಿಂದ ಪಾರಾಗಲು ಹೋಗಿ, ಕಲ್ಲನ್ನು ಓದಿ ಬೈಯುತ್ತಿದ್ದ ಈ ಒಬ್ಬರನ್ನೂ ಅವರು ಕಳೆದುಕೊಂಡಿದ್ದರು. ಹಾಳೆ ನೋಡುತ್ತ ಅವರ ಕಣ್ಣು ತುಂಬಿದವು.

ಚಟ ಬಿಡಿಸುವ ದಾರಿ ಇಂಥವರಿಗೆ ಹೊಂದುವುದಿಲ್ಲ. ಇದು ಜನರನ್ನು ಕಳೆದುಕೊಂಡ ದುಃಖ. ಕಳೆದುಕೊಂಡವರ ಹೆಸರು ಬಾಯಿಗೆ ಬರುವವರೆಗೆ ಇಳಿಯುವಂಥದ್ದಲ್ಲ. ಇದರ ಜೊತೆಗೆ, ಹೊಸ ಕಡೆಯ ಮೌನವನ್ನು ಅವರು ತಮ್ಮ ಬರಹದ ಮೇಲಿನ ತೀರ್ಪೆಂದು ತಿಳಿದಿದ್ದರು. ಹಳೆಯ ಜಾಲತಾಣ, ಜನ ಕೆರಳಿ ಉತ್ತರಿಸುವ ಬರಹವನ್ನು ಇನ್ನಷ್ಟು ಅಪರಿಚಿತರ ಮುಂದೆ ತಂದಿಡುತ್ತದೆ. ಮಾಸ್ಟೊಡಾನ್‌ನ ಮುಖಪುಟದಲ್ಲಿ ನಾವು ಹಿಂಬಾಲಿಸುವವರ ಬರಹ ಬರೆದ ಹೊತ್ತಿನ ಕ್ರಮದಲ್ಲಿ ಬರುತ್ತದೆಯೇ ಹೊರತು, ಯಾರ ಬರಹವನ್ನೂ ಯಂತ್ರ ಆರಿಸಿ ಮುಂದೆ ತಳ್ಳುವುದಿಲ್ಲ. ಅಲ್ಲಿ ಹೊಸಬರು ತಾವೇ ಹುಡುಕಿ, ಹಿಂಬಾಲಿಸಿ, ಹ್ಯಾಷ್‌ಟ್ಯಾಗ್ ಹಾಕಿ ಪರಿಚಯ ಮಾಡಿಕೊಳ್ಳದೆ ಯಾರೂ ಬರುವುದಿಲ್ಲ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಬಳಿಕ, 2019ರ ನವೆಂಬರ್‌ನಲ್ಲಿ, ಭಾರತದ ಬಹಳಷ್ಟು ಜನ ಮಾಸ್ಟೊಡಾನ್‌ಗೆ ಹೋಗಿ ಅನೇಕರು ಹಿಂದಿರುಗಿದರು. ಅವರನ್ನು ಮನೋಬಲವಿಲ್ಲದವರೆಂದು ನಾನು ಎಂದೂ ಹೇಳಲಾರೆ.

ನಾನು ಕೊಟ್ಟ ಸಲಹೆ ಇಷ್ಟು. ಹಳೆಯ ಖಾತೆಯನ್ನು ಈಗಲೇ ಅಳಿಸಬೇಡಿ. ಅಲ್ಲಿನ ಬರಹವನ್ನು ಹೊಸ ಖಾತೆಗೆ ನೇರವಾಗಿ ಸಾಗಿಸಲು ಬರುವುದಿಲ್ಲ; ಆದ್ದರಿಂದ ನಿಮ್ಮ ಮಾಹಿತಿಯ ಪ್ರತಿಯನ್ನು ಇಳಿಸಿಕೊಂಡು, ಫೋಟೊಗಳೆಲ್ಲ ಇವೆಯೇ ಎಂದು ತೆರೆದು ನೋಡಿ. ಖಾತೆಯನ್ನು ಒಮ್ಮೆ ತೆರೆದು ಹನ್ನೊಂದು ಜನಕ್ಕೂ ಒಬ್ಬೊಬ್ಬರಿಗೇ ಬರೆದು ಫೋನ್ ನಂಬರ್ ಕೇಳಿ. ರಾಯಚೂರಿನ ಹಿರಿಯರ ನಂಬರ್ ಸಿಕ್ಕರೆ ಸಂದೇಶ ಬೇಡ, ಮಾತನಾಡಿಬಿಡಿ. ಇವೆಲ್ಲ ಮುಗಿದ ಮೇಲೆ ಅಳಿಸುವ ದಿನವನ್ನು ನೀವೇ ಗೊತ್ತುಮಾಡಿ. ಮಾಸ್ಟೊಡಾನ್‌ನ ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಬಯಸಿದರೆ ಓದಬಹುದಾದ್ದರಿಂದ ಮನೆಯ ವಿಚಾರ ಅಲ್ಲಿ ಬೇಡವೆಂದೂ ಹೇಳಿದೆ.

ಮೊಬೈಲನ್ನೇ ಬಿಡಿ ಎಂದು ಹೇಳಬೇಕಿತ್ತೆಂದು ಜೊತೆಯವರೊಬ್ಬರು ಆಕ್ಷೇಪಿಸಿದರು. ಸಣ್ಣ ಊರಿನಲ್ಲಿ 'ೞ' ಗುರುತಿಸಬಲ್ಲ ಜೊತೆಗಾರ ಪಕ್ಕದ ಮನೆಯಲ್ಲಿ ಸಿಗುವುದಿಲ್ಲ. ಅಂಥ ಒಡನಾಟವನ್ನು ಮೊಬೈಲಿನಲ್ಲಿದೆ ಎಂಬ ಕಾರಣಕ್ಕೆ ಕೀಳೆಂದು ಕಾಣಲು ನನ್ನಿಂದಾಗದು. ತತ್ತ್ವಕ್ಕಾಗಿ ಜಾಲತಾಣ ಬಿಡುವವರನ್ನು ನಾನು ಗೌರವಿಸುತ್ತೇನೆ. ಬಿಡುವ ಮೊದಲು ತಮ್ಮ ಜನರನ್ನು ಗುರುತು ಹಾಕಿಕೊಳ್ಳಿ ಎಂದಷ್ಟೇ ಬೇಡುತ್ತೇನೆ.

ಹನ್ನೊಂದರಲ್ಲಿ ಏಳು ಜನ ಉತ್ತರಿಸಿದರು. ಮಾಸ್ಟೊಡಾನ್‌ಗೆ ಬಂದವರು ಇಬ್ಬರೇ. ಹಿರಿಯರು ಅಲ್ಲಿಗೆ ಬರಲೊಪ್ಪದೆ ಭಾನುವಾರ ಫೋನ್ ಮಾಡಿ ಗದರುತ್ತಾರೆ. ಶಿಕ್ಷಕರ ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ, ಹಳೆಯ ಖಾತೆ ಇನ್ನೂ ಅಳಿಸಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಎರಡು ವಾರ ಮೀರಿ ನಿದ್ದೆ, ಊಟ, ಇಷ್ಟದ ಕೆಲಸ ಮೂರನ್ನೂ ಬಿಟ್ಟಿದ್ದರೆ ಹಂಗಿಸದೆ ಸಲಹೆಗಾರರ ಬಳಿಗೆ ಕರೆತನ್ನಿ. ಅದಾಗದಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.