ಮೀಸೆಗೆ ಮಣ್ಣು ಹತ್ತಿದರೇನು?

ಪ್ರಶ್ನೆ: ನನಗೀಗ 44 ವರ್ಷ. ಇಪ್ಪತ್ತರ ಹರೆಯದಲ್ಲಿ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದಿದ್ದೆ. ನೌಕರಿ, ಸಂಸಾರಗಳ ನಡುವೆ 15 ವರ್ಷಗಳಿಂದ ಅಭ್ಯಾಸ ತಪ್ಪಿತ್ತು. ಮತ್ತೆ ಸೇರೋಣವೆಂದು ಬಡಾವಣೆಯ ತರಗತಿಗೆ ಹೋದರೆ, ಅಲ್ಲಿನ 26 ವರ್ಷದ ಶಿಕ್ಷಕ ಮಕ್ಕಳೆದುರೇ ನನ್ನ ಕಾಲಿನ ನಿಲುವನ್ನು ತಿದ್ದಿದ. ಮುಖ ಕೆಂಪಾಯಿತು. ಹಳೆಯ ಬೆಲ್ಟ್ ಕಟ್ಟಿಕೊಂಡು ಹೋಗಲೇ, ಬಿಳಿಯದನ್ನು ಕಟ್ಟಲೇ, ಅಥವಾ ಈ ವಯಸ್ಸಿನಲ್ಲಿ ಸುಮ್ಮನಿರುವುದೇ ಲೇಸೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಮೊದಲು ಬೆಲ್ಟಿನ ಮಾತು. ಅದು ಕರಾಟೆಯ ಪಿತ್ರಾರ್ಜಿತ ಆಸ್ತಿಯಲ್ಲ. 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆಯನ್ನು ತೆರೆದು ಜೂಡೋ ಕಲಿಸತೊಡಗಿದ ಜಿಗೊರೊ ಕಾನೊ ಅವರು ಆ ದಶಕದಲ್ಲೇ ದಾನ್ ಎಂಬ ಮೇಲಿನ ದರ್ಜೆಯ ಶಿಷ್ಯರಿಗೆ ಕಪ್ಪು ಪಟ್ಟಿ ಕಟ್ಟಿಸಿದರು. ಬಿಳಿ ಪಟ್ಟಿಯನ್ನು ಒಗೆಯದೆ ಕಟ್ಟಿ ಕಟ್ಟಿ ಬೆವರು ಮಣ್ಣಿನಿಂದ ಅದು ಕಪ್ಪಾಯಿತೆಂಬ ಕಥೆಯನ್ನು ನೀವೂ ಕೇಳಿರುತ್ತೀರಿ. ಕಥೆ ಚೆನ್ನಾಗಿದೆ, ಇತಿಹಾಸ ಹಾಗಿಲ್ಲ. (ಅಂಗಿ ಒಗೆಯುವವರು ಪಟ್ಟಿಯನ್ನೇಕೆ ಒಗೆಯಬಾರದೆಂದು ನಮ್ಮ ತಾಯಿ ಕೇಳಿದಾಗಲೇ ನನಗೆ ಅನುಮಾನ ಹುಟ್ಟಿತ್ತು.)

ಆ ಪಟ್ಟಿಯನ್ನು ಕರಾಟೆಗೆ ತಂದವರು ಗಿಚಿನ್ ಫುನಾಕೋಶಿ. 1868ರಲ್ಲಿ ಒಕಿನಾವಾದಲ್ಲಿ ಹುಟ್ಟಿ, ಅಲ್ಲಿಯೇ ಶಾಲಾ ಮಾಸ್ತರರಾಗಿದ್ದು, ತೆಕ್ಕಿ ಎಂಬ ಮೂರು ಕಾಟಾಗಳನ್ನು (ಕ್ರಮಬದ್ಧ ಚಲನೆಗಳ ಸರಣಿಗಳನ್ನು) ಕಲಿಯುವುದಕ್ಕೇ ಹತ್ತು ವರ್ಷ ಸವೆಸಿದ್ದ ಈ ಮನುಷ್ಯ 1922ರಲ್ಲಿ, ಐವತ್ತು ದಾಟಿದ ಮೇಲೆ, ಟೋಕಿಯೋಗೆ ಬಂದು ವಿದ್ಯಾರ್ಥಿ ನಿಲಯವೊಂದರಲ್ಲಿ ಅಂಗಳ ಗುಡಿಸುತ್ತ, ಕಾವಲು ಕಾಯುತ್ತ ಪಾಠ ಹೇಳುತ್ತಿದ್ದರು. ಅವರಿಗಿಂತ ಎಂಟು ವರ್ಷ ಹಿರಿಯರೂ ಆಗಲೇ ಹೆಸರಾಂತರೂ ಆಗಿದ್ದ ಕಾನೊ ಈ ಮಾಸ್ತರರನ್ನು ಕೊಡೊಕಾನ್‌ಗೆ ಕರೆಸಿ ಅವರ ವಿದ್ಯೆಯನ್ನು ಕಂಡರು. ಮಾಸ್ತರರು ಕಾನೊ ಅವರ ದಾನ್ ಪದ್ಧತಿಯನ್ನು ಎರವಲು ತಂದು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ಬ್ಲ್ಯಾಕ್ ಬೆಲ್ಟ್ ಕೊಟ್ಟರು. ನಿಮ್ಮ ಟ್ರಂಕಿನಲ್ಲಿರುವ ಪಟ್ಟಿಯೇ ಐವತ್ತೈದರ ಮಾಸ್ತರರೊಬ್ಬರು ಇನ್ನೊಬ್ಬರಿಂದ ಕಲಿತದ್ದು. ನಿಮಗೆ ದೊರೆತ ಶೋದಾನ್ ಎಂಬ ದರ್ಜೆಯ ಹೆಸರಿಗೂ ಆರಂಭದ ಮೆಟ್ಟಿಲು ಎಂದೇ ಅರ್ಥ. ದರ್ಜೆ ನಿಮ್ಮದೇ, ಯಾರೂ ಕಸಿಯುವುದಿಲ್ಲ. ಆದರೂ ಕೆಲವು ತಿಂಗಳು ಬಿಳಿ ಪಟ್ಟಿ ಕಟ್ಟುತ್ತೇನೆಂದು ನೀವಾಗಿ ಹೇಳಿದರೆ ಆ ಹುಡುಗನಿಗೆ ನಿಮ್ಮನ್ನು ತಿದ್ದುವುದು ಹಗುರವಾಗುತ್ತದೆ. ಹಿರಿಯರಿಗೆ ಎದುರಾಡಬಾರದೆಂದು ಬೆಳೆಸಿದ ನಮ್ಮ ಊರುಗಳಲ್ಲಿ 26ರ ಹುಡುಗ 44ರವರ ಮೊಣಕಾಲನ್ನು ಸರಿಪಡಿಸಿದನೆಂದರೆ ಅವನು ಒಳ್ಳೆಯ ಶಿಕ್ಷಕನೇ ಇರಬೇಕು.

ಈ ಭಾಗದವರಿಗೆ ಇದು ಹೊಸ ಪಾಠವಲ್ಲ. ಜಮಖಂಡಿಯ ಕಡೆ ಬಾಲ್ಯದಲ್ಲಿ ನಾನು ಹೋಗುತ್ತಿದ್ದ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಮನೆಯಲ್ಲಿ, ಮಜ್ಜಿಗೆ, ಎಣ್ಣೆ, ನಿಂಬೆರಸ, ಅರಿಶಿನ ಬೆರೆಸಿ ಹದಗೊಳಿಸಿದ ಕೆಮ್ಮಣ್ಣನ್ನು ದಿನಾ ನಸುಕಿನಲ್ಲಿ ಅಗೆದು ಸಡಿಲಿಸಬೇಕಿತ್ತು, ಮತ್ತು ನಮ್ಮ ವಸ್ತಾದರು ಅರವತ್ತರಲ್ಲೂ ಮೊದಲ ಸಲಿಕೆಯನ್ನು ತಾವೇ ಹಾಕುತ್ತಿದ್ದರು. ಅಗೆಯುವವನ ಹೆಗಲಿಗೆ ಅದು ಸಾಮು, ಬೀಳುವವನಿಗೆ ಹಾಸಿಗೆ. ಸಂಕ್ರಾಂತಿಯಲ್ಲಿ ನಿಮ್ಮೂರಿನ ಸಿದ್ಧೇಶ್ವರ ಜಾತ್ರೆಯ ಕುಸ್ತಿ ನೋಡಿದ್ದರೆ, ತೊಡೆ ತಟ್ಟುವ ಪೈಲ್ವಾನನೂ ಮೊದಲು ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವುದನ್ನು ಗಮನಿಸಿರುತ್ತೀರಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನಾವು ನಗಾಡುತ್ತೇವಷ್ಟೆ. ತಾಲೀಮಿನಲ್ಲಿ ಹಾಗೆ ಹೇಳಿಕೊಂಡು ಎದ್ದವನಿಗೆ ಯಾವ ಪಟ್ಟು ತನ್ನನ್ನು ಕೆಡವಿತೆಂಬುದು ತಿಳಿಯದೆ ಉಳಿಯುತ್ತದೆ, ಮರುದಿನವೂ ಅವನು ಅದೇ ಪಟ್ಟಿನಿಂದ ಬೀಳುತ್ತಾನೆ.

ನಾನೂ ಬಿದ್ದಿದ್ದೇನೆ. ಕರಾಟೆ ಕಲಿಸುತ್ತ 52ಕ್ಕೆ ಬಂದಿದ್ದಾಗ, ಅಥಣಿಯಿಂದ ಬರುತ್ತಿದ್ದ 17ರ ಹುಡುಗನೊಬ್ಬ ಆಶಿ ಬರಾಯಿ ಎಂಬ ಸಾಧಾರಣ ಕಾಲೊರಸಿನಿಂದ ನನ್ನನ್ನು ಅಂಗಾತ ಕೆಡವಿದ. ಹೆಜ್ಜೆ ನೆಲಕ್ಕೂರುವ ಮೊದಲೇ ಅದರ ಮೇಲೆ ಮೈಭಾರ ಹಾಕಿಬಿಡುವ ಚಾಳಿ ನನಗೆ 30 ವರ್ಷಗಳಿಂದ ಇತ್ತೆಂಬುದು ಆಗ ಗೊತ್ತಾಯಿತು. ಸರೀಕರು ಅದನ್ನು ಹಿಡಿದಿರಲಿಲ್ಲ, ಏಕೆಂದರೆ ಅವರೂ ನನ್ನಂತೆಯೇ ನಡೆಯುತ್ತಿದ್ದರು. ಶಿಷ್ಯರು ಕಂಡಿದ್ದರೂ ಬಾಯಿಬಿಟ್ಟಿರಲಿಲ್ಲ. ಇನ್ನೊಮ್ಮೆ ಕೆಡವು ಎಂದೆ. ನಾಚಿಕೊಂಡು ಮೆಲ್ಲಗೆ ಕೆಡವಿದ. ಜೋರಾಗಿ ಎಂದು ಗದರಿದ ಮೇಲೆ ಸರಿಯಾಗಿ ಕೆಡವಿದ, ಮತ್ತು ಆ ವಾರವೆಲ್ಲ ನಾನು ಅವನಿಂದ ಅದನ್ನೇ ಕಲಿತೆ.

ನೀವು ಹೋಗಿರಿ. ಇಪ್ಪತ್ತರ ಆಳದ ನಿಲುವನ್ನು ಮೊದಲ ವಾರವೇ ಮೊಣಕಾಲಿನಿಂದ ಕೇಳಬೇಡಿ. ನಿಲುವನ್ನು ಎತ್ತರಿಸಿ, ಕಾಟಾವನ್ನು ನಿಧಾನ ಮಾಡಿ, ನೋವಿದ್ದರೆ ಅದನ್ನು ಆ ಹುಡುಗನಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಹತ್ತು ವರ್ಷದ ಮಗ ಮೂರೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಪಡೆದ. ಈಗ ಎಲ್ಲವೂ ಬರುತ್ತದೆ, ತರಗತಿ ಬೇಡವೆನ್ನುತ್ತಾನೆ. ಏನು ಮಾಡಲಿ?
— ತಾಯಿಯೊಬ್ಬರು, ಗೋಕಾಕ

ಉತ್ತರ: ಅವನನ್ನು ಬೈಯಬೇಡಿ, ಬೆಲ್ಟ್ ಕೊಟ್ಟವರು ದೊಡ್ಡವರು. ಅನೇಕ ಕರಾಟೆ ಸಂಸ್ಥೆಗಳು ಮಕ್ಕಳದನ್ನು ಕಿರಿಯರ ಬ್ಲ್ಯಾಕ್ ಬೆಲ್ಟ್ ಎಂದೇ ಕರೆದು, ಬೆಳೆದ ಮೇಲೆ ಮತ್ತೆ ಪರೀಕ್ಷಿಸುತ್ತವೆ, ಪ್ರಮಾಣಪತ್ರವನ್ನೊಮ್ಮೆ ನೋಡಿ. ಹೊಸದಾಗಿ ಸೇರಿದ ಆರು ವರ್ಷದ ಮಗುವಿಗೆ ಮುಷ್ಟಿ ಕಟ್ಟುವುದನ್ನು ಕಲಿಸುವ ಕೆಲಸವನ್ನು ಶಿಕ್ಷಕರಿಗೆ ಹೇಳಿ ಅವನಿಗೆ ವಾರಕ್ಕೊಂದು ದಿನ ಕೊಡಿಸಿ. ಹೆಬ್ಬೆರಳು ಬೆರಳುಗಳ ಹೊರಗೇ ಯಾಕಿರಬೇಕು, ಒಳಗಿದ್ದರೇನಾಗುತ್ತದೆ ಎಂದು ಆ ಮಗು ಕೇಳಿಯೇ ಕೇಳುತ್ತದೆ. ಉತ್ತರ ಹೊಳೆಯದ ಸಂಜೆ ಅವನಾಗಿಯೇ ಉಡುಪು ಹುಡುಕುತ್ತಾನೆ. ಯಾಕೆಂದು ಮಾತ್ರ ಕೇಳಲು ಹೋಗಬೇಡಿ.